ಬರಿದಾದ ಸೀಸೆ ಬಾಳಿದ ಬಗೆ

ಹಾಸನ ಸೀಮೆಯ ಹಳೆಯ ಮನೆಗಳಲ್ಲಿ ಖಾಲಿ ಸೀಸೆ ಸಿಗುವುದು ಅಪರೂಪ. ಅಟ್ಟದ ಮೇಲೆ, ಅಡುಗೆಮನೆಯ ಗೂಡಿನಲ್ಲಿ, ಕೊಟ್ಟಿಗೆಯ ಸೂರಿನಡಿಯಲ್ಲಿ ಕಾಣುವ ಸೀಸೆಗಳಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಒಂದರಲ್ಲಿ ಹರಳೆಣ್ಣೆ, ಇನ್ನೊಂದರಲ್ಲಿ ಜೇನುತುಪ್ಪ, ಮತ್ತೊಂದರಲ್ಲಿ ಎತ್ತಿನ ಗಾಯಕ್ಕೆ ಹಚ್ಚುವ ಬೇವಿನೆಣ್ಣೆ. ಸೀಸೆಯ ಮೈಮೇಲೆ ಮಾತ್ರ ಲಂಡನ್ನಿನದೋ ನ್ಯೂಯಾರ್ಕಿನದೋ ಹೆಸರು ಉಬ್ಬಕ್ಷರದಲ್ಲಿ ಮೂಡಿರುತ್ತದೆ. ಹಳೆಯ ಗಾಜಿನ ಸೀಸೆಗಳನ್ನು ಸಂಗ್ರಹಿಸುವ ಆಸೆಯಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಓಡಾಡುವವರಿಗೆ ಮೊದಲು ಎದುರಾಗುವುದು ಇದೇ. ಈ ಹವ್ಯಾಸ ದೊಡ್ಡದಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅದರ ನಿಯಮಗಳನ್ನು ಬರೆದವರೂ ಅಲ್ಲಿಯವರೇ. ಆ ನಿಯಮಗಳಲ್ಲಿ ಯಾವುವು ನಮ್ಮ ಸೀಮೆಗೆ ಒಗ್ಗುತ್ತವೆ, ಯಾವುವು ಒಗ್ಗುವುದಿಲ್ಲ, ಇಲ್ಲಿ ಯಾವ ಸೀಸೆಯನ್ನು ಯಾಕಾಗಿ ಉಳಿಸಿಕೊಳ್ಳಬೇಕು ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಈ ಲೇಖನ.

ಅಮೆರಿಕದವರ ಆಸಕ್ತಿಯ ಬೇರು ಅವರ ವಸಾಹತು ಕಾಲದಲ್ಲಿದೆ. ಕ್ಯಾಸ್ಪರ್ ವಿಸ್ಟರ್ ಎಂಬ ಜರ್ಮನ್ ವಲಸಿಗ 1739ರಲ್ಲಿ ನ್ಯೂಜೆರ್ಸಿಯಲ್ಲಿ ಗಾಜಿನ ಕಾರ್ಖಾನೆ ತೆರೆದ. ಹೆನ್ರಿ ವಿಲಿಯಂ ಸ್ಟೀಗಲ್ 1760ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಮ್ಯಾನ್‌ಹೈಮ್‌ನಲ್ಲಿ ಕುಲುಮೆ ಹೂಡಿದ. ಆಮೇಲೆ 19ನೇ ಶತಮಾನದ ಮೊದಲ ಭಾಗದಲ್ಲಿ ಜೇಬಿಗಿಳಿಯುವಂಥ ಚಪ್ಪಟೆ ಮದ್ಯದ ಸೀಸೆಗಳ ಮೈಮೇಲೆ ಜಾರ್ಜ್ ವಾಷಿಂಗ್ಟನ್ನನ ಮುಖ, ಹದ್ದು, ಚುನಾವಣೆಯ ಘೋಷಣೆ ಮೂಡಿದವು. ಫಿಲಡೆಲ್ಫಿಯಾದ ಥಾಮಸ್ ಡಯಟ್ ಎಂಬ ಔಷಧ ವ್ಯಾಪಾರಿ ತನ್ನ ಮುಖವನ್ನೇ ಬೆಂಜಮಿನ್ ಫ್ರಾಂಕ್ಲಿನ್ನನ ಬೆನ್ನಿಗೆ ಅಚ್ಚು ಮಾಡಿಸಿದ. ಇಂಥ ಸೀಸೆಗಳನ್ನು 20ನೇ ಶತಮಾನದ ಆರಂಭದಿಂದಲೂ ಜನ ಹುಡುಕಿ ಕೂಡಿಟ್ಟರು. ಜಾರ್ಜ್ ಮತ್ತು ಹೆಲೆನ್ ಮೆಕಿಯರಿನ್ 1941ರಲ್ಲಿ ಪ್ರಕಟಿಸಿದ ‘ಅಮೆರಿಕನ್ ಗ್ಲಾಸ್’ ಗ್ರಂಥ ಅವುಗಳಿಗೆ ಗುಂಪು, ಕ್ರಮಸಂಖ್ಯೆ ಕೊಟ್ಟಿತು. ಇವತ್ತಿಗೂ ಹರಾಜಿನಲ್ಲಿ ಸೀಸೆಯನ್ನು ಆ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಅಲ್ಲಿ ಬೆಲೆ ಕಟ್ಟುವುದು ತಯಾರಕ, ಅಚ್ಚು, ಬಣ್ಣ, ಒಡಕಿಲ್ಲದ ಮೈ ನೋಡಿ. ಸೀಸೆಯನ್ನು ಯಾರು ಬಳಸಿದರು ಎಂಬ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ.

ನಮ್ಮ ನಾಡಿನಲ್ಲಿ ಗಾಜು ಇರಲಿಲ್ಲವೆಂದು ಯಾರೂ ತಿಳಿಯಬಾರದು. ಟಿಪ್ಪು ಸತ್ತ ಮರುವರ್ಷ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜು ಕಾಯಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದ. ಚನ್ನಪಟ್ಟಣದಲ್ಲೂ ಗಾಜಿನ ಕೆಲಸ ನಡೆಯುತ್ತಿತ್ತು. ಆದರೆ ಆ ಕುಲುಮೆಗಳ ಗಾಜೆಲ್ಲ ಹೆಂಗಸರ ಕೈಗೆ ಬಳೆಯಾಗಿ ಹೋಗುತ್ತಿತ್ತು. ಎಣ್ಣೆಗೆ ಮಣ್ಣಿನ ಕುಡಿಕೆ, ತುಪ್ಪಕ್ಕೆ ಹಿತ್ತಾಳೆ ಗಿಂಡಿ, ಉಪ್ಪಿನಕಾಯಿಗೆ ಜಾಡಿ, ದನಕ್ಕೆ ಔಷಧ ಕುಡಿಸಲು ಬಿದಿರಿನ ಗೊಟ್ಟ ಇದ್ದ ಊರಿಗೆ ಗಾಜಿನ ಸೀಸೆ ಬೇಕಾಗಿರಲಿಲ್ಲ. ಆದ್ದರಿಂದ ಹಾಸನ ಸೀಮೆಯಲ್ಲಿ ಸಿಗುವ 19ನೇ ಶತಮಾನದ ಸೀಸೆಗಳು ಹೊರಗಿನಿಂದ ಬಂದವು, ಮತ್ತು ಹೊರಗಿನ ಮನುಷ್ಯರ ಹಿಂದೆಯೇ ಬಂದವು.

ಬಂದ ದಾರಿಯೂ ಗುರುತಿಸಲು ಆಗುವಂಥದ್ದೇ. ಮಂಜರಾಬಾದಿನ ಕಡೆ 1840ರ ದಶಕದಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಶುರುವಾದವು. 1856ರಲ್ಲಿ ಅಲ್ಲಿಗೆ ಬಂದ ರಾಬರ್ಟ್ ಎಲಿಯಟ್ ತನ್ನ ತೋಟದ ಬದುಕನ್ನು ಕುರಿತು ಎರಡು ಪುಸ್ತಕ ಬರೆದ. ತೋಟದ ಬಂಗಲೆಗಳಿಗೆ ಬಿಯರು, ಬ್ರಾಂದಿ, ಸೋಡಾ, ಔಷಧಗಳು ಪೆಟ್ಟಿಗೆಗಟ್ಟಲೆ ಬೇಕಿದ್ದವು. ಘಟ್ಟದ ಕೆಳಗಿನ ಮಂಗಳೂರಿನಿಂದ ಗಾಡಿ ಏರಿಯೋ, ಬೆಂಗಳೂರು-ಮೈಸೂರುಗಳ ಅಂಗಡಿಗಳಿಂದಲೋ ಅವು ಹಾಸನದ ಮೂಲಕ ಸಾಗಿದವು. 1880ರ ದಶಕದ ಕೊನೆಗೆ ಅರಸೀಕೆರೆಗೆ ರೈಲು ಬಂತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಮೈಸೂರು-ಅರಸೀಕೆರೆ ಮೀಟರ್‌ಗೇಜ್ ದಾರಿ ಹೊಳೆನರಸೀಪುರ, ಹಾಸನಗಳನ್ನು ಮುಟ್ಟಿತು. ರೈಲು ಬಂದ ಮೇಲೆ ಸೀಸೆ ಬಂಗಲೆಯ ಸೊತ್ತಾಗಿ ಉಳಿಯದೆ ಪೇಟೆಯ ಸೊತ್ತಾಯಿತು. ಮಿಷನ್ ಆಸ್ಪತ್ರೆ, ಸರ್ಕಾರಿ ಡಿಸ್ಪೆನ್ಸರಿ, ಶೆಟ್ಟರ ಅಂಗಡಿ, ಸೋಡಾ ಫ್ಯಾಕ್ಟರಿ, ಹೆಂಡದಂಗಡಿ ಇವೆಲ್ಲವುಗಳಿಂದ ಸೀಸೆ ಹಳ್ಳಿಯ ಮನೆಗಳಿಗೆ ಇಳಿಯಿತು.

ಈಗ ಕಾಲ ಗುರುತಿಸುವ ಮಾತು. ಕೈಯಿಂದ ಊದಿ ಮಾಡಿದ ಸೀಸೆಯನ್ನು ಓದುವುದು ತಳದಿಂದ. ಊದುಗೊಳವೆಯ ತುದಿಯಲ್ಲಿ ಸೀಸೆ ಉಬ್ಬಿ ಬಂದ ಮೇಲೆ, ಅದರ ಬಾಯಿ ತಿದ್ದಲು ಕೆಲಸಗಾರ ತಳಕ್ಕೆ ಕಬ್ಬಿಣದ ಸಲಾಕೆಯೊಂದನ್ನು ಬಿಸಿ ಗಾಜಿನಿಂದ ಅಂಟಿಸಿ ಹಿಡಿಯುತ್ತಿದ್ದ. ಬಾಯಿ ಮುಗಿದ ಮೇಲೆ ಸಲಾಕೆಯನ್ನು ತಟ್ಟಿ ಬಿಡಿಸಿದರೆ ತಳದಲ್ಲಿ ಒರಟು ಗಾಯ ಉಳಿಯುತ್ತದೆ. ಬೆರಳಿಗೆ ಚುಚ್ಚುವ ಈ ಗುರುತು ಇದ್ದರೆ ಸೀಸೆ ಬಹುಮಟ್ಟಿಗೆ 1860ಕ್ಕಿಂತ ಹಿಂದಿನದು ಎಂದು ಅಮೆರಿಕದವರು ಲೆಕ್ಕ ಹಾಕುತ್ತಾರೆ, ಏಕೆಂದರೆ ಆ ಹೊತ್ತಿಗೆ ಸಲಾಕೆಯ ಬದಲು ತಳವನ್ನು ಕಚ್ಚಿ ಹಿಡಿಯುವ ಇಕ್ಕಳ ಬಂದಿತ್ತು. ಎರಡನೆಯದಾಗಿ ನೋಡಬೇಕಾದ್ದು ಅಚ್ಚಿನ ಗೆರೆ. ಎರಡು ಹೋಳಿನ ಅಚ್ಚಿನೊಳಗೆ ಊದಿದ ಸೀಸೆಯ ಎರಡು ಪಕ್ಕದಲ್ಲೂ ಸಣ್ಣ ಗೆರೆ ಏಳುತ್ತದೆ. ಬಾಯಿಯನ್ನು ಕೈಯಿಂದ ತಿದ್ದಿದ್ದರೆ ಆ ಗೆರೆ ಕತ್ತಿನಲ್ಲೇ ಮಾಸಿಹೋಗಿರುತ್ತದೆ. ಮೈಕೇಲ್ ಓವೆನ್ಸ್ 1903ರಲ್ಲಿ ಪೂರ್ಣ ಸ್ವಯಂಚಾಲಿತ ಯಂತ್ರ ತಂದ ಮೇಲಿನ ಸೀಸೆಗಳಲ್ಲಿ ಗೆರೆ ಬಾಯಂಚನ್ನೂ ದಾಟಿ ಮೇಲಕ್ಕೆ ಹತ್ತುತ್ತದೆ. ಗಾಜಿನೊಳಗಿನ ಗುಳ್ಳೆ, ಮೈಯ ಓರೆಕೋರೆ ಕಣ್ಣಿಗೆ ಹಿತವೇ ಹೊರತು ಕಾಲ ಹೇಳಲು ಅಷ್ಟು ನಂಬಿಕೆಯ ಸಾಕ್ಷಿಗಳಲ್ಲ.

ಇಲ್ಲೇ ಎಚ್ಚರ ಬೇಕು. ಅಮೆರಿಕದ ಕೋಷ್ಟಕವನ್ನು ಹಾಸನದ ಸೀಸೆಗೆ ಹಾಗೇ ಹಚ್ಚಿದರೆ ಐವತ್ತು, ಅರುವತ್ತು ವರ್ಷ ಎಡವುತ್ತೇವೆ. ಭಾರತದಲ್ಲಿ ಗಾಜಿನ ಕಾರ್ಖಾನೆಗಳು ಎದ್ದದ್ದು ಸ್ವದೇಶಿ ಚಳವಳಿಯ ಬಿಸಿಯಲ್ಲಿ. ಜನರಿಂದ ಒಂದೊಂದು ಪೈಸೆ ಕೂಡಿಸಿ ಕಟ್ಟಿದ ತಳೇಗಾಂವಿನ ಪೈಸಾ ಫಂಡ್ ಗಾಜಿನ ಕಾರ್ಖಾನೆ 1908ರದು; ಕರಾಡದ ಬಳಿಯ ಓಗಲೆವಾಡಿಯ ಕಾರ್ಖಾನೆ 1916ರದು, ‘ಪ್ರಭಾಕರ’ ಕಂದೀಲು ಅಲ್ಲಿಂದಲೇ ಕರ್ನಾಟಕದ ಮನೆಗಳಿಗೆ ಬಂದದ್ದು. ಉತ್ತರದ ಫಿರೋಜಾಬಾದಿನಲ್ಲಿ ಗಾಜು ಮೊದಲಿನಿಂದಲೂ ಕೈಕಸುಬು. ಇಂಥ ಕಡೆ ಬಾಯಿಂದ ಊದುವುದು, ಕೈಯಿಂದ ಬಾಯಂಚು ತಿದ್ದುವುದು 20ನೇ ಶತಮಾನದ ನಡುವಿನವರೆಗೂ, ಕೆಲವೆಡೆ ಅದರಾಚೆಗೂ ನಡೆಯಿತು. ಹಾಗಾಗಿ ಹೊಳೆನರಸೀಪುರದ ಗುಜರಿಯಲ್ಲಿ ಕತ್ತಿಗೆ ಗೆರೆ ಮಾಸಿದ ಸೀಸೆ ಸಿಕ್ಕಿತೆಂದು ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಹಿಗ್ಗಬೇಕಾಗಿಲ್ಲ. ಅದು ಗಣರಾಜ್ಯದ ಮೊದಲ ವರ್ಷಗಳದ್ದೂ ಆಗಿರಬಹುದು. ಕೈಯಿಂದ ಮಾಡಿದ್ದು ಎಂಬ ಮಾತಿಗೂ ಬಹಳ ಹಳೆಯದು ಎಂಬ ಮಾತಿಗೂ ನಮ್ಮಲ್ಲಿ ಗಂಟು ಹಾಕಬಾರದು.

ಬಣ್ಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮರಳಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಏನೂ ಬೆರೆಸದ ಗಾಜು ತಿಳಿ ಹಸಿರುನೀಲಿಗೆ ತಿರುಗುತ್ತದೆ. ನಮ್ಮ ಸೋಡಾ ಸೀಸೆಯ ಬಣ್ಣ ಅದೇ. ಕಪ್ಪೆಂದು ಕಾಣುವ ಹಳೆಯ ಮದ್ಯದ ಸೀಸೆಯನ್ನು ಬಿಸಿಲಿಗೆ ಹಿಡಿದರೆ ಗಾಢ ಹಸಿರೋ ಕಂದೋ ಆಗಿರುತ್ತದೆ. ಬಣ್ಣ ತೆಗೆಯಲು ಮ್ಯಾಂಗನೀಸ್ ಬೆರೆಸಿದ ಗಾಜು ವರ್ಷಾನುಗಟ್ಟಲೆ ಬಿಸಿಲುಂಡರೆ ತಿಳಿ ನೇರಳೆಯಾಗುತ್ತದೆ. ಇದನ್ನೇ ಕೃತಕ ವಿಕಿರಣ ಹಾಯಿಸಿ ಒಂದೇ ದಿನದಲ್ಲಿ ಕಡು ನೇರಳೆ ಮಾಡಿ ಮಾರುವವರಿದ್ದಾರೆ. ಕಣ್ಣು ಕುಕ್ಕುವ ನೇರಳೆ ಕಂಡರೆ ಸಂಶಯಪಡಬೇಕು.

ಈ ನಾಲ್ಕೂ ಊರುಗಳಲ್ಲಿ ಹೆಚ್ಚು ಸಿಗುವ, ಹೆಚ್ಚು ಗೌರವಕ್ಕೆ ಅರ್ಹವಾದ ಸೀಸೆ ಯಾವುದೆಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಗೋಲಿಸೋಡಾದ ಕಡೆ ಕೈ ತೋರಿಸುತ್ತೇನೆ. ಹಿರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಹಕ್ಕು ಪಡೆದ ಈ ಸೀಸೆಗೆ ಬಿರಡೆಯೇ ಬೇಡ. ಕತ್ತಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ರಬ್ಬರ್ ಉಂಗುರ. ತಲೆಕೆಳಗಾಗಿ ತುಂಬಿದಾಗ ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಅಡ್ಡ ಬರದಂತೆ ಕತ್ತಿನಲ್ಲಿ ಎರಡು ಗುಳಿ. ಅದಕ್ಕೂ ಮೊದಲು, 19ನೇ ಶತಮಾನದ ಆರಂಭದಲ್ಲಿ, ಇಂಗ್ಲೆಂಡಿನಲ್ಲಿ ತಳವೇ ದುಂಡಗಿರುವ, ನಿಲ್ಲಿಸಲಾಗದ ಸೋಡಾ ಸೀಸೆ ಇತ್ತು. ಮಲಗಿಸಿಯೇ ಇಡಬೇಕಾದ್ದರಿಂದ ಬಿರಡೆ ಸದಾ ಒದ್ದೆಯಾಗಿದ್ದು ಗ್ಯಾಸು ಸೋರುತ್ತಿರಲಿಲ್ಲ. ಬಂಗಲೆಗಳ ಹಳೆಯ ಕಸದಲ್ಲಿ ಅಂಥದ್ದೊಂದು ಸಿಕ್ಕರೆ ಅದೃಷ್ಟ. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳಕ್ಕೆ ಹಕ್ಕು ಪಡೆದ ಮೇಲೆ ಪಶ್ಚಿಮದ ದೇಶಗಳು ಗೋಲಿಯನ್ನು ನಿಧಾನವಾಗಿ ಬಿಟ್ಟವು. ಜಪಾನ್ ‘ರಾಮುನೆ’ ಎಂಬ ಪಾನೀಯದಲ್ಲಿ ಅದನ್ನು ಉಳಿಸಿಕೊಂಡಿತು, ಭಾರತವೂ ಬಿಡಲಿಲ್ಲ.

ಸೋಡಾ ಫ್ಯಾಕ್ಟರಿ ಎಂದರೆ ದೊಡ್ಡ ಚಿಮಣಿಯ ಕಟ್ಟಡ ನೆನಪಾಗಬಾರದು. ನಮ್ಮ ತಾಲ್ಲೂಕು ಊರುಗಳಲ್ಲಿ ಅದು ಒಂದು ಹೆಂಚಿನ ಕೋಣೆ, ಒಂದು ನೀರಿನ ತೊಟ್ಟಿ, ಒಂದು ಗ್ಯಾಸ್ ಸಿಲಿಂಡರು, ಕೈಯಿಂದ ತಿರುಗಿಸುವ ಚಕ್ರದ ಮರದ ಪೆಟ್ಟಿಗೆ. ಸಿಹಿನೀರೋ ನಿಂಬೆನೀರೋ ಹೊಯ್ದ ಸೀಸೆಗಳನ್ನು ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಿ ಗ್ಯಾಸು ಬಿಟ್ಟು ಗಿರಗಿರನೆ ತಿರುಗಿಸುತ್ತಿದ್ದರು. ಸೀಸೆ ಸಿಡಿದರೆ ಪೆಟ್ಟಿಗೆಯೊಳಗೇ ಸಿಡಿಯಲಿ ಎಂಬುದು ಆ ಮುಚ್ಚಳದ ಉದ್ದೇಶ. ಗಿರಾಕಿ ನಿಂತಲ್ಲೇ ಕುಡಿದು ಸೀಸೆ ವಾಪಸು ಕೊಡಬೇಕು. ಸೀಸೆಯೇ ಫ್ಯಾಕ್ಟರಿಯವನ ಬಂಡವಾಳ, ಒಳಗಿನ ಸೋಡಾಕ್ಕಿಂತ ಹತ್ತಾರು ಪಟ್ಟು ಬೆಲೆಯದು. ಅದಕ್ಕಾಗಿಯೇ ಮಾಲೀಕರು ತಮ್ಮ ಹೆಸರನ್ನೋ ಊರನ್ನೋ ಗಾಜಿನಲ್ಲೇ ಉಬ್ಬಕ್ಷರವಾಗಿ ಮೂಡಿಸಿಕೊಳ್ಳುತ್ತಿದ್ದರು, ಪಕ್ಕದ ಊರಿನವನು ಎತ್ತಿಟ್ಟುಕೊಳ್ಳದಿರಲಿ ಎಂದು. ಮಂಗಳೂರು ಹೆಂಚಿನ ಬೆನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರೂ ಕೆಲವೊಮ್ಮೆ ವರ್ಷವೂ ಸಿಗುವಂತೆ, ಸೋಡಾ ಸೀಸೆಯ ಎದೆಯ ಮೇಲೆ ಒಂದು ಸಣ್ಣ ಊರಿನ ವ್ಯಾಪಾರ ಚರಿತ್ರೆ ಸಿಗುತ್ತದೆ. ಇಂಥ ಎಷ್ಟೋ ಫ್ಯಾಕ್ಟರಿಗಳ ಹೆಸರು ಈಗ ಆ ಗಾಜಿನ ಮೇಲಲ್ಲದೆ ಬೇರೆಲ್ಲೂ ಓದಲು ಸಿಗುವುದಿಲ್ಲ. ಗೋಲಿಗಾಗಿ ಹುಡುಗರು ಸೀಸೆ ಒಡೆದದ್ದರಿಂದಲೇ ಅವು ಕಡಿಮೆಯಾದವು ಎನ್ನುವುದುಂಟು. ಹುಡುಗರಿಗಿಂತ ಗುಜರಿಯ ತಕ್ಕಡಿಯೇ ಹೆಚ್ಚು ಒಡೆಯಿತು ಎಂಬುದು ನನ್ನ ಅಭಿಪ್ರಾಯ.

ಔಷಧದ ಸೀಸೆಗಳು ಇನ್ನೊಂದು ದೊಡ್ಡ ಗುಂಪು. ಸರ್ಕಾರಿ ಡಿಸ್ಪೆನ್ಸರಿಗೆ ರೋಗಿ ತನ್ನ ಸೀಸೆಯನ್ನು ತಾನೇ ತೊಳೆದು ಒಯ್ಯಬೇಕಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಸಿಕೊಳ್ಳುತ್ತಾರೆ. ಕಾಂಪೌಂಡರು ದೊಡ್ಡ ಜಾಡಿಯಿಂದ ಕೆಂಪು ಮಿಕ್ಶ್ಚರ್ ಸುರಿದು, ಎಷ್ಟು ಹೊತ್ತಿಗೆ ಎಷ್ಟು ಎಂದು ತಿಳಿಯಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಪಕ್ಕಕ್ಕೆ ಅಂಟಿಸಿ ಕೊಡುತ್ತಿದ್ದರು. ಆ ಪಟ್ಟಿ ಇನ್ನೂ ಅಂಟಿರುವ ಸೀಸೆ ಸಿಕ್ಕರೆ ಅದು ಬೆಳ್ಳಿ ಲೋಟಕ್ಕಿಂತ ಹೆಚ್ಚು ಎಂದು ನಾನು ಎಣಿಸುತ್ತೇನೆ. ಕೆಲವು ಸೀಸೆಗಳಲ್ಲಿ ಗಾಜಿನಲ್ಲೇ ಅಳತೆಯ ಗೆರೆಗಳಿರುತ್ತವೆ. ಕಡುನೀಲಿ ಅಥವಾ ಹಸಿರು ಬಣ್ಣದ, ಆರು ಮೂಲೆಯ, ಮೈಮೇಲೆ ಏಣುಗಳಿರುವ ಸೀಸೆಗಳು ವಿಷದವು. ಕತ್ತಲಲ್ಲಿ ಕೈಗೆ ತಗುಲಿದರೂ ಇದು ಕುಡಿಯುವುದಲ್ಲ ಎಂದು ಬೆರಳಿಗೇ ತಿಳಿಯಲಿ ಎಂದು ಹಾಗೆ ಮಾಡಿದ್ದು. ಇವು ನೋಡಲು ಬಲು ಚೆಂದ, ಆದ್ದರಿಂದ ಮಕ್ಕಳ ಕೈಗೆ ಬೀಳುತ್ತವೆ. ತಳದಲ್ಲಿ ಏನಾದರೂ ಅಂಟಿದ್ದರೆ ಮೂಸಿ ನೋಡುವ ಕೆಲಸ ಯಾರೂ ಮಾಡಬಾರದು.

ಅಮೆರಿಕದ ಸೀಸೆಗಳನ್ನು ಬಯಸುವವರು ಇಲ್ಲಿ ನಿರಾಶರಾಗಬೇಕಿಲ್ಲ. ವಾಷಿಂಗ್ಟನ್ ಮುಖದ ಸೀಸೆ ಅರಕಲಗೂಡಿನಲ್ಲಿ ಸಿಗಲಾರದು ನಿಜ. ಆದರೆ ಬೆನ್ನ ಮೇಲೆ ದೊಡ್ಡ ಮೀನು ಹೊತ್ತ ಮನುಷ್ಯನ ಸ್ಕಾಟ್ಸ್ ಎಮಲ್ಷನ್ ನ್ಯೂಯಾರ್ಕಿನ ಕಂಪನಿಯದು. ಚೆಸ್‌ಬ್ರೋ 1872ರಲ್ಲಿ ಹಕ್ಕು ಪಡೆದ ವ್ಯಾಸಲೀನಿನ ಸಣ್ಣ ಜಾಡಿಯೂ ಅಲ್ಲಿನದೇ. ಹಾರ್ಲಿಕ್ಸ್ ಶುರುವಾದದ್ದು 1873ರಲ್ಲಿ, ಅಮೆರಿಕಕ್ಕೆ ಹೋಗಿ ನೆಲೆಸಿದ ಇಬ್ಬರು ಇಂಗ್ಲಿಷ್ ಸೋದರರಿಂದ. ವಿಸ್ಕಾನ್ಸಿನ್ ರಾಜ್ಯದ ರೇಸಿನ್ ಊರಿನ ಹೆಸರು ಮೂಡಿರುವ ಹಾರ್ಲಿಕ್ಸ್ ಸೀಸೆಗಳಿವೆ. ಇಂಗ್ಲೆಂಡಿನ ಸ್ಲೌ ಊರಿನ ಹೆಸರಿರುವವು 1908ರಲ್ಲಿ ಅಲ್ಲಿ ಕಾರ್ಖಾನೆ ಆದ ಮೇಲಿನವು. ವುಡ್‌ವರ್ಡ್ಸ್ ಗ್ರೈಪ್ ವಾಟರ್, ಬೊಂಬಾಯಿಯಲ್ಲಿ 1893ರಲ್ಲಿ ಹುಟ್ಟಿದ ಅಮೃತಾಂಜನ, ಶಾಲೆಯ ಮಸಿಯ ಸೀಸೆಗಳು ಇವುಗಳ ಜೊತೆ ಸೇರುತ್ತವೆ. ಬಹುಪಾಲು ಯಂತ್ರದಲ್ಲಿ ಮಾಡಿದವು. ಹಾಗೆಂದು ತಾತ್ಸಾರ ಮಾಡುವುದು ತಪ್ಪು.

ಏಕೆ ತಪ್ಪು ಎಂಬುದೇ ಈ ಲೇಖನದ ತಿರುಳು. ಅಮೆರಿಕದಲ್ಲಿ ಸುಮಾರು 1935ರಿಂದ 1964ರವರೆಗೆ ಮದ್ಯದ ಸೀಸೆಗಳ ಮೇಲೆ, ಈ ಸೀಸೆಯನ್ನು ಮಾರುವುದಾಗಲೀ ಮತ್ತೆ ಬಳಸುವುದಾಗಲೀ ಕಾನೂನಿಗೆ ವಿರುದ್ಧ ಎಂದು ಗಾಜಿನಲ್ಲೇ ಬರೆಸುತ್ತಿದ್ದರು. ಖಾಲಿಯಾದದ್ದು ಕಸಕ್ಕೆ ಹೋಗಲಿ ಎಂಬುದು ನಿಯಮ. ಅಲ್ಲಿನ ಸಂಗ್ರಾಹಕರು ಹಳೆಯ ಪಾಯಖಾನೆಯ ಗುಂಡಿಗಳನ್ನೂ ಕಸದ ಹಳ್ಳಗಳನ್ನೂ ಅಗೆದು ಸೀಸೆ ತೆಗೆಯುವುದು ಖಾಲಿ ಸೀಸೆಯನ್ನು ಎಸೆಯುವ ಇಂಥ ರೂಢಿಯಿಂದಲೇ ಸಾಧ್ಯವಾಯಿತು. ನಮ್ಮಲ್ಲಿ ಖಾಲಿಯಾದ ಸೀಸೆಗೆ ಕಸದ ಗುಂಡಿಯ ದಾರಿ ಇರಲೇ ಇಲ್ಲ. ತಿಪ್ಪೆಗೆ ಗಾಜು ಬೀಳುವಂತೆಯೂ ಇರಲಿಲ್ಲ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಹೊಲದಲ್ಲಿ ಬರಿಗಾಲು ನಡೆಯುತ್ತದೆ. ಒಡೆದ ಚೂರು ಹಾಳುಬಾವಿಗೋ ಕಳ್ಳಿಬೇಲಿಯ ಬುಡಕ್ಕೋ ಹೋಗುತ್ತಿತ್ತು, ಒಡೆಯದ್ದು ಮನೆಯಲ್ಲೇ ಉಳಿಯುತ್ತಿತ್ತು.

ಉಳಿದು ಏನೇನು ಮಾಡಿತು ನೋಡಿ. ಕತ್ತಿಗೆ ಹುರಿ ಕಟ್ಟಿಸಿಕೊಂಡು ಸೀಮೆಎಣ್ಣೆ ಡಿಪೋದ ಸಾಲಿನಲ್ಲಿ ನಿಂತಿತು. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದಲ್ಲಿ ಗಾಣಕ್ಕೆ ಹೋಗಿ ಕೊಬ್ಬರಿ ಎಣ್ಣೆ ತಂದಿತು. ಸಣ್ಣ ಔಷಧದ ಸೀಸೆಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ತೂರಿಸಿದರೆ ಬುಡ್ಡಿದೀಪವಾಯಿತು. ಪರೀಕ್ಷೆಗೆ ಓದಿದ ಒಂದು ತಲೆಮಾರು ಅದರ ಬೆಳಕಿನಲ್ಲಿತ್ತು. ದಪ್ಪ ಕತ್ತಿನ ಬಿಯರು ಸೀಸೆ ಗೊಟ್ಟದ ಬದಲು ದನದ ಬಾಯಿಗೆ ಔಷಧ ಸುರಿಯಿತು. ಮಲೆನಾಡಿನ ಅಂಚಿನ ಅರಕಲಗೂಡು ಕಡೆ ಬ್ರಾಂದಿ ಸೀಸೆಯಲ್ಲಿ ಕಾಡಿನ ಜೇನು ಇಳಿಯಿತು. ಸೀಮೆಎಣ್ಣೆ ನೆನೆಸಿದ ದಾರ ಸುತ್ತಿ, ಹೊತ್ತಿಸಿ, ತಣ್ಣೀರಿಗೆ ಅದ್ದಿ ಸೀಸೆಯನ್ನು ಎರಡಾಗಿ ಸೀಳಿ ಲೋಟ ಮಾಡಿಕೊಂಡವರಿದ್ದಾರೆ. ಒಡೆದ ಚೂರೂ ಬಡಗಿಯ ಕೈಯಲ್ಲಿ ಮರ ಹೆರೆಯಿತು, ಕಾಂಪೌಂಡ್ ಗೋಡೆಯ ತಲೆಯ ಮೇಲೆ ಕಾವಲಿಗೆ ನಿಂತಿತು.

ಈ ಬಳಕೆಗಳು ಗಾಜಿನ ಮೇಲೆ ಗುರುತು ಬಿಟ್ಟಿರುತ್ತವೆ. ಕತ್ತಿನ ಸುತ್ತ ಹುರಿ ಉಜ್ಜಿ ಗಾಜು ಮಬ್ಬಾಗಿರುತ್ತದೆ. ತಳದ ಅಂಚು ಕಲ್ಲಿನ ಚಪ್ಪಡಿಯ ಮೇಲೆ ಸವೆದು ನಯವಾಗಿರುತ್ತದೆ. ಒಳಗೆ ಎಣ್ಣೆಯ ಜಿಡ್ಡು ಪದರ ಕಟ್ಟಿರುತ್ತದೆ, ಭುಜದ ಮೇಲೆ ಒಲೆಯ ಹೊಗೆ. ಬಾಯಲ್ಲಿ ಬಿರಡೆಯ ಬದಲು ಜೋಳದ ಬೆಂಡೋ ಸುತ್ತಿದ ಬಟ್ಟೆಯ ಚೂರೋ ಇರುತ್ತದೆ. ಅಮೆರಿಕದ ನಿಯಮದ ಪ್ರಕಾರ ಇವೆಲ್ಲ ಬೆಲೆ ತಗ್ಗಿಸುವ ದೋಷಗಳು. ನನಗೆ ಇವೇ ಮುಖ್ಯ. ಇಂಗ್ಲೆಂಡಿನ ಒಂದು ಅಚ್ಚಿನಿಂದ ಲಕ್ಷ ಸೀಸೆ ಬಂದಿರಬಹುದು, ಅವುಗಳಲ್ಲಿ ಒಂದೇ ಒಂದು ಹೊಳೆನರಸೀಪುರದ ಒಂದು ಬಾಣಂತಿ ಕೋಣೆಯ ಹರಳೆಣ್ಣೆ ಸೀಸೆಯಾಯಿತು. ಉಳಿದವುಗಳ ಕಥೆಯನ್ನು ಬೇರೆ ದೇಶದವರು ಬರೆದಿದ್ದಾರೆ, ಇದರ ಕಥೆಯನ್ನು ನಾವೇ ಬರೆಯಬೇಕು. ಹಳೆಯ ಬ್ರಾಂದಿ ಸೀಸೆಯೊಂದನ್ನು ಕೇಳಿದಾಗ ಒಬ್ಬ ಅಜ್ಜಿ ನನ್ನನ್ನು ತಿದ್ದಿದರು: “ಬ್ರಾಂದಿ ಸೀಸೆ ಅನ್ಬೇಡ ಕಣಪ್ಪ, ನಮ್ಮತ್ತೆ ಕಾಲದಿಂದ ಎಣ್ಣೆ ಸೀಸೆ ಅದು.” ಪಟ್ಟಿಯಲ್ಲಿ ಎರಡು ಹೆಸರೂ ಇರಬೇಕು, ಅಜ್ಜಿಯದು ಮೊದಲು.

ಎಲ್ಲಿ ಹುಡುಕಬೇಕು ಎಂಬುದಕ್ಕೆ ಉತ್ತರ ಸುಲಭ: ಕೆಡವುತ್ತಿರುವ ಮನೆಗಳಲ್ಲಿ, ಗುಜರಿಯಲ್ಲಿ, ಮುಚ್ಚಿದ ಸೋಡಾ ಫ್ಯಾಕ್ಟರಿಗಳ ಹಿತ್ತಲಲ್ಲಿ. ಹಾಸನದ ಸಂತೇಪೇಟೆ, ಕಟ್ಟಿನಕೆರೆ ಸುತ್ತಿನ ಹಳೆಯ ಅಂಗಡಿ ಸಾಲುಗಳು ಮಾಳಿಗೆ ಇಳಿಸಿ ಕಾಂಕ್ರೀಟು ಏರಿಸುವಾಗ ಅಟ್ಟದ ಸಾಮಾನು ಒಟ್ಟಿಗೇ ಲಾರಿ ಹತ್ತುತ್ತದೆ. ಗುಜರಿಯವರು ಗಾಜನ್ನು ಬಣ್ಣ ನೋಡಿ ಬೇರ್ಪಡಿಸಿ ತೂಕಕ್ಕೆ ಮಾರುತ್ತಾರೆ, ಅದು ಮತ್ತೆ ಕುಲುಮೆಗೆ ಹೋಗುತ್ತದೆ. ಅವರೊಡನೆ ವಿಶ್ವಾಸ ಬೆಳೆಸಿಕೊಂಡು, ತೂಕದ ಬೆಲೆಗಿಂತ ಒಂದಿಷ್ಟು ಹೆಚ್ಚು ಕೊಡುತ್ತೇನೆಂದರೆ ಹೆಸರು ಮೂಡಿದ ಸೀಸೆಗಳನ್ನು ತೆಗೆದಿಡುತ್ತಾರೆ. ಹೇಮಾವತಿ ಅಣೆಕಟ್ಟೆಯ ಹಿನ್ನೀರು ನುಂಗಿದ ಊರುಗಳ ವಿಷಯ ಬೇರೆ. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ಚರ್ಚು ಈಗಲೂ ಮಳೆಗಾಲದಲ್ಲಿ ನೀರಲ್ಲಿ ಮುಳುಗಿ ಬೇಸಿಗೆಯಲ್ಲಿ ನೆಲದ ಮೇಲೆ ನಿಲ್ಲುತ್ತದೆ. ಅಂಥ ಕಡೆ ಕೆಸರು ಬಗೆದು ಗಾಜು ಹುಡುಕುವುದನ್ನು ನಾನು ಒಪ್ಪುವುದಿಲ್ಲ. ಮನೆ ಬಿಟ್ಟು ಎದ್ದು ಹೋದವರ ನೆಲ ಅದು. ಅವರು ಹೊತ್ತೊಯ್ದ ಸೀಸೆಗಳು ಪುನರ್ವಸತಿ ಹಳ್ಳಿಗಳಲ್ಲಿವೆ, ಕೇಳಿದರೆ ತೋರಿಸುತ್ತಾರೆ.

ಅಗೆಯುವುದಕ್ಕೆ ಕಾನೂನಿನ ತಡೆಯೂ ಇದೆ. ಭಾರತದ 1878ರ ನಿಧಿ ಕಾಯ್ದೆ, ಕರ್ನಾಟಕದ 1962ರ ಕಾಯ್ದೆಗಳು ನೆಲದಲ್ಲಿ ಹುದುಗಿದ್ದು ಸಿಕ್ಕಾಗ ಅಧಿಕಾರಿಗೆ ತಿಳಿಸುವ ಹೊಣೆ ಹೊರಿಸುತ್ತವೆ. ನುಗ್ಗೇಹಳ್ಳಿ, ದೊಡ್ಡಗದ್ದವಳ್ಳಿಯಂಥ ಹೊಯ್ಸಳ ಗುಡಿಗಳಿರುವ ಜಿಲ್ಲೆ ಇದು. ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಸೀಸೆಗಾಗಿ ಅಲ್ಲಿ ಗುದ್ದಲಿ ಹಾಕುವ ಮಾತೇ ಇಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಚಾರಿತ್ರಿಕ ಆಸಕ್ತಿಯ ಯಾವ ವಸ್ತುವೂ ಪುರಾವಸ್ತುವಾಗಬಹುದು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ವಿದೇಶದ ಸಂಗ್ರಾಹಕರಿಗೆ ಅಂಚೆಯಲ್ಲಿ ಕಳುಹಿಸಿ ಹಣ ಮಾಡುವ ಯೋಚನೆ ಇದ್ದವರು ಇದನ್ನು ಓದಿಕೊಳ್ಳಬೇಕು.

ನಕಲಿಗಳ ಬಗ್ಗೆ ಅಮೆರಿಕದ ಅನುಭವ ನಮಗೆ ಪಾಠ. ಗುಡಿಸಲಿನಾಕಾರದ ಪ್ರಸಿದ್ಧ ಬೂಜ್ ಸೀಸೆಯನ್ನು ನ್ಯೂಜೆರ್ಸಿಯ ಕ್ಲೆವೆಂಜರ್ ಸೋದರರು 1930ರ ದಶಕದಿಂದಲೇ ಹೊಸದಾಗಿ ಊದಿ ಮಾರಿದರು. ಅವೂ ಕೈಯಿಂದಲೇ ಮಾಡಿದವಾದ್ದರಿಂದ ಹೊಸಬರು ಮೋಸಹೋದರು. ನಮ್ಮಲ್ಲಿ ಈಗ ಮನೆ ಅಲಂಕಾರದ ಅಂಗಡಿಗಳಲ್ಲಿ ಕಡುನೀಲಿ, ಕೆಂಪು ಬಣ್ಣದ ಗೋಲಿ ಸೀಸೆಗಳು ಬರುತ್ತಿವೆ. ತಳದ ಅಂಚು ಎಲ್ಲೂ ಸವೆಯದೆ ಹೊಸದಾಗಿದ್ದರೆ, ಅಕ್ಷರದ ಅಂಚು ಸೋಪಿನಂತೆ ಜಾರಿದ್ದರೆ ಕೊಳ್ಳಬೇಡಿ. ದಶಕಗಟ್ಟಲೆ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗಿದ ನಿಜವಾದ ಸೋಡಾ ಸೀಸೆಯ ಹೊಟ್ಟೆಯ ಸುತ್ತ ಬಿಳಿಚಿದ ಉಜ್ಜು ಪಟ್ಟಿ ಇದ್ದೇ ಇರುತ್ತದೆ.

ತೊಳೆಯುವಾಗ ಆತುರ ಬೇಡ. ಮರಳೋ ಕಲ್ಲುಹರಳೋ ಹಾಕಿ ಕುಲುಕುವ ಮನೆಯ ಪದ್ಧತಿ ಒಳಮೈಯನ್ನು ಗೀಚುತ್ತದೆ. ಬಿಸಿನೀರು ಸುರಿದರೆ ಹಳೆಯ ಗಾಜು ಸೀಳುತ್ತದೆ, ಆಮ್ಲವನ್ನಂತೂ ಮುಟ್ಟಲೇಬಾರದು. ಉಗುರುಬೆಚ್ಚಗಿನ ನೀರು, ಮೆದು ಬ್ರಷ್ಷು ಸಾಕು. ಬಹುಕಾಲ ಮಣ್ಣಲ್ಲಿದ್ದ ಗಾಜಿನ ಮೇಲೆ ಕಾಣುವ ಬಿಳಿ ಮಬ್ಬು ಕೊಳೆಯಲ್ಲ, ಗಾಜೇ ಸವೆದದ್ದು, ಉಜ್ಜಿದರೆ ಹೋಗುವುದಿಲ್ಲ. ಕಾಗದದ ಪಟ್ಟಿ, ಬೆಂಡಿನ ಬಿರಡೆ, ಹುರಿ ಇದ್ದರೆ ತೊಳೆಯುವುದನ್ನೇ ಬಿಡಿ.

ಇಂಥ ಸಾಮಾನುಗಳಿಗೆ ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಜಾಗ ಎಷ್ಟಿದೆ? ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಕಟ್ಟಿದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾಲಯದ ಜಾನಪದ ಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ ದಿನಬಳಕೆಯ ವಸ್ತುಗಳಿಗೆ ಮಾನ ತಂದುಕೊಟ್ಟವು. ಮರ, ಲೋಹ, ಮಣ್ಣು, ಬುಟ್ಟಿಗಳಿಗೆ ಅಲ್ಲಿ ಪ್ರೀತಿಯ ಜಾಗವಿದೆ. ಗಾಜಿನ ಸೀಸೆ ಹೊರಗಿನಿಂದ ಬಂದದ್ದು, ಕಾರ್ಖಾನೆಯದು ಎಂಬ ಕಾರಣಕ್ಕೋ ಏನೋ ಜಾನಪದದ ಪಂಕ್ತಿಯಲ್ಲಿ ಇನ್ನೂ ಸರಿಯಾಗಿ ಕೂತಿಲ್ಲ. ಹಾಸನದ ಮಹಾರಾಜ ಉದ್ಯಾನದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಶಾಸನಗಳೂ ಶಿಲ್ಪಗಳೂ ಇವೆ. ಅದೇ ಜಿಲ್ಲೆಯ ನಾಲ್ಕು ಪೇಟೆಗಳ ಹೆಸರು ಹೊತ್ತ ಸೋಡಾ ಸೀಸೆಗಳ ಒಂದು ಕಪಾಟು ಅಲ್ಲಿದ್ದರೆ, ಶಾಲೆಯ ಮಕ್ಕಳು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ನಾನು ನಂಬುತ್ತೇನೆ.

ಪಟ್ಟಿ ಬರೆಯುವ ಕೆಲಸ ಮನೆಯಲ್ಲೇ ಶುರುವಾಗಬೇಕು. ಪ್ರತಿ ಸೀಸೆಗೆ ಒಂದು ಚೀಟಿ: ಎತ್ತರ, ತಳದ ಅಗಲ, ಬಣ್ಣ, ಗೆರೆ ಎಲ್ಲಿಯವರೆಗೆ, ತಳದಲ್ಲಿ ಗಾಯ ಉಂಟೋ ಇಲ್ಲವೋ, ಮೈಮೇಲಿನ ಅಕ್ಷರ ಇದ್ದಂತೆಯೇ, ಆಮೇಲೆ ಯಾವ ಊರು, ಯಾವ ಬಗೆಯ ಮನೆ, ಏನು ತುಂಬುತ್ತಿದ್ದರು, ಯಾರು ತಂದರೆಂದು ಹೇಳುತ್ತಾರೆ. ಮನೆಯವರು ಒಪ್ಪದೆ ಹೆಸರು ಬರೆಯಬಾರದು. ಸೀಸೆ ಕೊಡಲು ಮನಸ್ಸಿಲ್ಲದವರನ್ನು ಪೀಡಿಸಬಾರದು. ಅಲ್ಲೇ ಕೂತು ಅಳತೆ, ಚಿತ್ರ ತೆಗೆದುಕೊಂಡರೆ ಸಂಗ್ರಹಕ್ಕೆ ನಷ್ಟವಿಲ್ಲ, ಸೀಸೆ ತನ್ನ ಕೆಲಸ ಮಾಡುತ್ತಾ ಇದ್ದಲ್ಲೇ ಇರುತ್ತದೆ.

ಗೋಲಿಸೋಡಾಕ್ಕೆ ಈಗ ಮತ್ತೆ ಗಿರಾಕಿಗಳು ಬರುತ್ತಿದ್ದಾರೆ. ಉತ್ತರ ಪ್ರದೇಶದ ಸಾಸನಿಯಲ್ಲಿ ಕಾಡ್ ಸೀಸೆ ತಯಾರಿಸುವ ಕಸುಬು ಉಳಿದು ಬಂತು. 2025ರಲ್ಲಿ ಕೇಂದ್ರ ವಾಣಿಜ್ಯ ಇಲಾಖೆಯ ಅಪೆಡಾ ಸಂಸ್ಥೆ ಈ ಪಾನೀಯವನ್ನು ‘ಗೋಲಿ ಪಾಪ್ ಸೋಡಾ’ ಎಂಬ ಹೆಸರಿನಲ್ಲಿ ಕೊಲ್ಲಿ ದೇಶಗಳಿಗೆ ಕಳುಹಿಸುತ್ತಿರುವುದನ್ನು ಪ್ರಕಟಿಸಿತು. ಹೊಸ ಸೀಸೆಗಳು ಬಂದಂತೆ ಹಳೆಯ ಪೆಟ್ಟಿಗೆಗಳು ಗುಜರಿಗೆ ಹೋಗುತ್ತವೆ. ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ ಒಂದು ಕಾಲಕ್ಕೆ ಚಕ್ರ ತಿರುಗಿಸಿದವರು, ಸೀಸೆಗೆ ಹೆಸರು ಮೂಡಿಸಲು ಯಾವ ಊರಿನ ಕಾರ್ಖಾನೆಗೆ ಬರೆದರು, ಒಂದು ಬಾರಿಗೆ ಎಷ್ಟು ಗ್ರೋಸು ತರಿಸಿದರು, ಸಾಗಣೆಯಲ್ಲಿ ಎಷ್ಟು ಒಡೆದವು, ಗಿರಾಕಿ ಒಡೆದರೆ ಎಷ್ಟು ದಂಡ ಹಾಕುತ್ತಿದ್ದರು ಎಂಬುದನ್ನೆಲ್ಲ ಬಾಯಲ್ಲೇ ಹೇಳಬಲ್ಲವರು, ಈಗ ಬಹಳ ಮುದುಕರಾಗಿದ್ದಾರೆ. ಸೀಸೆ ಕೊಳ್ಳುವ ಮೊದಲು ಅವರ ಹತ್ತಿರ ಹೋಗಿ ಕೂತು ಕೇಳಿ ಬರೆದುಕೊಳ್ಳಬೇಕು; ಹಳೆಯ ರಸೀದಿ ಪುಸ್ತಕ ಇದ್ದರೆ ಅದರ ಚಿತ್ರ ತೆಗೆದುಕೊಳ್ಳಬೇಕು.